ದಡದಲ್ಲಿ ಉಳಿದ ಆನೆಗಳು

ಪ್ರೀತಿಯ ತಮ್ಮ,

ನಿನ್ನ ಗಜೇಂದ್ರ ಮೋಕ್ಷದ ಕತೆ ತಲುಪಿತು. ಎರಡು ಪತ್ರಿಕೆಯಿಂದ ವಾಪಸ್ ಬಂತು, ಇನ್ನು ಬರೆಯೋದೇ ಬೇಡ ಅನ್ನಿಸಿದೆ ಅಂತ ಬರೆದಿದ್ದೀಯ. ಎರಡೇ ಅಲ್ವಾ? ಪುಸ್ತಕ ಯಾರು ಹಾಕ್ತಾರೆ, ಮುನ್ನುಡಿ ಯಾರ ಹತ್ರ ಬರೆಸಲಿ ಅಂತಲೂ ಕೇಳಿದ್ದೀಯ. ಅದನ್ನು ಬೇರೆ ಯಾರನ್ನಾದರೂ ಕೇಳು. ನಾವು ಆನೆಯ ವಿಷಯ ಮಾತಾಡೋಣ.

ನಿನ್ನ ಕತೆಯಲ್ಲಿ ಮೊಸಳೆ ಕಾಲು ಹಿಡಿದ ಐದಾರು ಸಾಲಿಗೆ ಆನೆ ‘ಹರಿಯೇ, ನನ್ನನ್ನು ಬದುಕಿಸು’ ಅಂತ ಕೂಗುತ್ತದೆ. ಮುಂದಿನ ಪ್ಯಾರಾದಲ್ಲೇ ಆಕಾಶದಿಂದ ಚಕ್ರ ಬಂದು ಮೊಸಳೆಯ ಕತ್ತು ಹಾರಿಸುತ್ತದೆ. ಆಮೇಲೆ ಎರಡು ಪುಟ ಭಕ್ತಿಯ ಮಹಿಮೆ. ಯಾಕಯ್ಯ ಅಷ್ಟು ಅವಸರ? ಭಾಗವತದ ಎಂಟನೇ ಸ್ಕಂಧ ತೆಗೆದು ನೋಡು. ಅಲ್ಲಿ ಆನೆ ಮೊದಲು ದೇವರನ್ನು ಕರೆಯುವುದೇ ಇಲ್ಲ. ಮೈಯಲ್ಲಿ ಬಲ ಇರುವಷ್ಟೂ ಎಳೆಯುತ್ತದೆ. ಜೊತೆಯ ಆನೆಗಳು ಹಿಂದಿನಿಂದ ಹಿಡಿದು ಎಳೆಯುತ್ತವೆ, ಆಗುವುದಿಲ್ಲ. ಹೆಣ್ಣಾನೆಗಳು ಗೋಳಾಡುತ್ತವೆ. ಹೀಗೇ ಸಾವಿರ ವರ್ಷ. ಮೊಸಳೆಗೆ ನೀರೇ ಮನೆ, ಅದರ ಬಲ ಏರುತ್ತ ಹೋಗುತ್ತದೆ. ಆನೆಯದು ಇಳಿಯುತ್ತ ಹೋಗುತ್ತದೆ. ನನ್ನ ಕೈಲೂ ಆಗಲ್ಲ, ನನ್ನವರ ಕೈಲೂ ಆಗಲ್ಲ ಅಂತ ಗೊತ್ತಾದ ಮೇಲೆ ಹಳೆಯ ಸ್ತೋತ್ರ ನೆನಪಾಗುತ್ತದೆ. ಹಿಂದಿನ ಜನ್ಮದಲ್ಲಿ, ಇಂದ್ರದ್ಯುಮ್ನ ಅನ್ನೋ ಪಾಂಡ್ಯ ರಾಜನಾಗಿದ್ದಾಗ ಕಲಿತದ್ದು. ಆ ಸಾವಿರ ವರ್ಷವನ್ನು ನೀನು ಸುಮ್ನೆ ಹಾರಿಬಿಟ್ಟೆ.

ಇನ್ನು ಆ ‘ಬದುಕಿಸು’. ಮೂರನೇ ಅಧ್ಯಾಯದ 25ನೇ ಶ್ಲೋಕ ಓದು. ಒಳಗೂ ಹೊರಗೂ ಕತ್ತಲು ಮುಚ್ಚಿದ ಈ ಆನೆ ಜನ್ಮದಲ್ಲಿ ಬದುಕುವ ಆಸೆ ನನಗಿಲ್ಲ ಅನ್ನುತ್ತದೆ. ಕತ್ತಲಿನಿಂದ ಬಿಡಿಸು ಅಂತ ಕೇಳುತ್ತದೆ. ಮೊಸಳೆಯ ಮಾತೇ ಇಲ್ಲ. ಕರೆಯುವುದೂ ಇಂಥವನೇ ಬಾ ಅಂತ ಗುರುತು ಹೇಳದೆ. ಅದಕ್ಕೇ ಬ್ರಹ್ಮ ಮೊದಲಾದವರು, ಕರೆದದ್ದು ನಮ್ಮನ್ನಲ್ಲ ಅಂತ, ಎದ್ದೇ ಬರಲಿಲ್ಲ! ಇಂಥ ತಮಾಷೆಯನ್ನು ಬಿಟ್ಟು ಮಹಿಮೆ ಬರೆದಿದ್ದೀಯಲ್ಲ, ಮಾರಾಯ.

ಚಕ್ರವನ್ನಂತೂ ನೀನು ಕ್ಯಾಲೆಂಡರ್ ಚಿತ್ರ ನೋಡಿಯೇ ಬರೆದದ್ದು, ನಿಜ ಹೇಳು. ಭಾಗವತದಲ್ಲಿ ಹರಿ ಗರುಡನಿಂದ ಇಳಿಯುತ್ತಾನೆ. ಆನೆಯನ್ನೂ, ಕಾಲು ಕಚ್ಚಿಕೊಂಡೇ ಇರುವ ಮೊಸಳೆಯನ್ನೂ ಒಟ್ಟಿಗೆ ನೀರಿನಿಂದ ಎಳೆಯುತ್ತಾನೆ. ಚಕ್ರ ಅದಾದ ಮೇಲೆ. ಅವನು ಬರುವುದನ್ನು ಕಂಡಾಗ ಆನೆ ಸೊಂಡಿಲಲ್ಲಿ ತಾವರೆ ಎತ್ತಿ ಹಿಡಿದು ‘ನಾರಾಯಣ’ ಅನ್ನುತ್ತದೆ. ಹೇಗೆ ಅನ್ನುತ್ತದೆ? ‘ಕೃಚ್ಛ್ರಾತ್’. ಕಷ್ಟಪಟ್ಟು. ನಿನ್ನ ಗುಡುಗು ಮಿಂಚೆಲ್ಲ ಈ ಒಂದು ಪದದ ಮುಂದೆ ಇಟ್ಟು ನೋಡು.

ಇದೇ ಕತೆಯನ್ನು ಇಪ್ಪತ್ತಾರನೇ ವಯಸ್ಸಿನಲ್ಲಿ ನಾನೂ ಕೆಡಿಸಿದ್ದೇನೆ. ಒಂದು ವಿಶೇಷಾಂಕದಲ್ಲಿ ಬಂತು. ಸಂಪಾದಕರು ‘ಮೈ ಜುಮ್ ಅಂತು’ ಎಂದು ಕಾರ್ಡ್ ಬರೆದರು. ಅದನ್ನು ಜೇಬಿನಲ್ಲಿಟ್ಟುಕೊಂಡು ಎಷ್ಟು ದಿನ ತಿರುಗಿದೆನೋ. ಅಮ್ಮನಿಗೂ ಕತೆ ಓದಿ ಹೇಳಿದೆ. ಬೆಳಗಿನ ಜಾವ ಆ ಸ್ತೋತ್ರ ಹೇಳದೆ ಒಲೆ ಹಚ್ಚದವಳು ಅವಳು. ಅವರೆಕಾಯಿ ಸುಲಿಯುತ್ತ ಪೂರ್ತಿ ಕೇಳಿದಳು. ‘ಆನೆಯನ್ನು ದೇವರು ಕರ್ಕೊಂಡು ಹೋದ, ಸರಿ. ದಡದಲ್ಲಿದ್ದ ಹೆಣ್ಣಾನೆ, ಮರಿ ಎಲ್ಲ ಏನಾದವು?’ ಅಂದಳು. ನನಗೆ ಸಿಟ್ಟು ಬಂತು. ‘ಅದು ಕತೆಯಲ್ಲಿಲ್ಲಮ್ಮ’ ಅಂದೆ. ‘ಹೌದಾ’ ಅಂತ ಮೊರ ಎತ್ತಿಕೊಂಡು ಒಳಗೆ ಹೋದಳು. ನಮ್ಮಪ್ಪ ಹೋಗಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಅವಳು ಯಾರ ವಿಷಯ ಕೇಳಿದಳು ಅಂತ ನನಗೆ ಹೊಳೆದಾಗ ಅವಳೂ ಇರಲಿಲ್ಲ.

ನಿನ್ನ ಹಾಳೆಗಳನ್ನು ವಾಪಸ್ ಕಳಿಸುತ್ತಿದ್ದೇನೆ. ಮೊದಲ ಪುಟದಲ್ಲಿ ಒಂದು ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ. ಮರಿಯಾನೆ ನೀರಿಗಿಳಿಯಲು ಹೋಗುತ್ತದೆ, ತಾಯಿ ಸೊಂಡಿಲು ಅಡ್ಡ ಇಡುತ್ತದೆ. ಅದನ್ನು ನೀನು ಎಲ್ಲಿಂದಲೂ ಎತ್ತಿಕೊಂಡಿಲ್ಲ ಅಂತ ಗೊತ್ತಾಗುತ್ತದೆ. ಅಲ್ಲಿಂದ ಮತ್ತೆ ಶುರುಮಾಡು. ಸಂಕ್ರಾಂತಿಯೊಳಗೆ ಕಳಿಸು, ಆಮೇಲೆ ನನಗೆ ಕಣ್ಣಿನ ಆಪರೇಷನ್ ಇದೆ.

ನಿನ್ನ ಅಣ್ಣ