ಅಮೃತಲಿಂಗಂ ಹುಲಿಯಲ್ಲ, ಹುಲಿಗಳಿಗೆ ಬಲಿಯಾದವರು

ಮಾನ್ಯ ಸಂಪಾದಕರೇ,

ಭಾನುವಾರ ಸಂಜೆ ನಮ್ಮ ಪೇಟೆಯ ಸಭಾಭವನದ ಮುಂದೆ ನಡೆದದ್ದನ್ನು ನಿಮ್ಮ ಪತ್ರಿಕೆ ‘ಎಲ್‌ಟಿಟಿಇ ನಾಯಕನ ಸ್ಮರಣೆಗೆ ತಡೆ’ ಎಂಬ ತಲೆಬರಹ ಕೊಟ್ಟು ಪ್ರಕಟಿಸಿದೆ. ಓದಿ ಮೈ ಉರಿದುಹೋಯಿತು. ಶ್ರೀಲಂಕಾದ ತಮಿಳು ರಾಜಕಾರಣಿ ಅಪ್ಪಾಪಿಳ್ಳೈ ಅಮೃತಲಿಂಗಂ ಎಲ್‌ಟಿಟಿಇ ನಾಯಕರಲ್ಲ, ಅವರನ್ನು ಕೊಂದದ್ದೇ ‘ಹುಲಿಗಳು’ ಎನಿಸಿಕೊಂಡ ಆ ಎಲ್‌ಟಿಟಿಇ. 1989ರ ಜುಲೈ 13ರಂದು ಮಾತುಕತೆಗೆಂದು ಕೊಲಂಬೊದ ಮನೆಗೆ ಬಂದವರೇ ಗುಂಡು ಹಾರಿಸಿದರು. ಬಂದವರನ್ನು ತಪಾಸಣೆ ಮಾಡಬೇಡಿ ಎಂದು ಕಾವಲಿನವರಿಗೆ ಹೇಳಿಟ್ಟಿದ್ದರು, ನಂಬಿಕೆ ಅಷ್ಟಿತ್ತು. ಜೊತೆಗಿದ್ದ ಅವರದೇ ಪಕ್ಷದ ಯೋಗೇಶ್ವರನ್ ಕೂಡ ಸತ್ತರು. ಇನ್ನೊಬ್ಬ ನಾಯಕ ಶಿವಸಿದಂಬರಂ ಗುಂಡೇಟು ತಿಂದೂ ಬದುಕಿಕೊಂಡರು. ಕೊಂದವರ ಹೆಸರನ್ನು ಸತ್ತವರಿಗೆ ಅಂಟಿಸಿದ್ದೀರಿ.

ಅವರ ಸ್ಮರಣೆಯ ಸಭೆಗೆ ಭವನದ ಅನುಮತಿ ಪಡೆದಿದ್ದೆವು, ಬಾಡಿಗೆ ಕಟ್ಟಿದ್ದೆವು, ರಶೀದಿ ನನ್ನ ಹತ್ತಿರವೇ ಇದೆ. ಮಧ್ಯಾಹ್ನ ಊಟದ ಹೊತ್ತಿಗೆ ಫೋನು: “ಮಾಸ್ಟ್ರೇ, ಮೇಲಿಂದ ಬೇಡ ಅಂದಿದ್ದಾರೆ.” ಮೇಲಿಂದ ಎಂದರೆ ಯಾರು ಎಂದು ಕೇಳಿದರೆ ಲೈನ್ ಕಟ್ಟು. ಭಾಷಣಕಾರರು ಆಗಲೇ ಮೈಸೂರಿನಿಂದ ಬಸ್ಸು ಹತ್ತಿಯಾಗಿತ್ತು. ರಬ್ಬರ್ ತೋಟದ ಕಾಲೊನಿಗಳಿಂದ ವಯಸ್ಸಾದವರು ಬಾಡಿಗೆ ಜೀಪಿನಲ್ಲಿ ಬಂದಿಳಿದರು. ಬಾಗಿಲಿಗೆ ಬೀಗ. ಆಷಾಢದ ಮಳೆ. ಜಗಲಿಯಲ್ಲಿ ನಿಲ್ಲಲೂ ವಾಚ್‌ಮನ್ ಬಿಡಲಿಲ್ಲ, ಶೌಚಾಲಯದ ಬೀಗದ ಕೈಯನ್ನೂ ಕೊಡಲಿಲ್ಲ. ಮಂಡಿನೋವಿನ ಹೆಂಗಸರು ಎದುರಿನ ಅಂಗಡಿಯ ಮಾಡಿನ ಕೆಳಗೆ ಕತ್ತಲಾಗುವವರೆಗೆ ನಿಂತರು. ಮೈಕಿನವನು ಪೂರ್ತಿ ದುಡ್ಡು ಎಣಿಸಿಕೊಂಡು ಹೋದ. ತರಿಸಿದ್ದ ಅವಲಕ್ಕಿ, ಚಹಾ ಎಲ್ಲ ದಂಡ. ನನಗೆ ಅಂದಿನಿಂದ ಕೆಮ್ಮು ನಿಂತಿಲ್ಲ. ಭವನದ ಬಾಡಿಗೆ ವಾಪಸ್ ಕೇಳಿದರೆ “ಅರ್ಜಿ ಕೊಡಿ, ನೋಡುವಾ” ಎನ್ನುತ್ತಾರೆ.

ಯಾರ ಬಗ್ಗೆ ಸಭೆ ಎಂದು ಬೀಗ ಹಾಕಿಸಿದ ಅಧಿಕಾರಿ ಒಂದು ಪುಟ ಓದಿದ್ದರೂ ಸಾಕಿತ್ತು. ನಮ್ಮ ಜಿಲ್ಲೆಯ ರಬ್ಬರ್ ತೋಟಗಳಿಗೆ ಲಂಕೆಯಿಂದ ಈ ತಮಿಳು ಜನ ಬಂದದ್ದು 1964ರಲ್ಲಿ ಎರಡೂ ದೇಶದ ಪ್ರಧಾನಿಗಳು ಮಾಡಿಕೊಂಡ ಸಿರಿಮಾವೊ–ಶಾಸ್ತ್ರಿ ಒಪ್ಪಂದದಿಂದ. ಅದಕ್ಕೂ ಮೊದಲು, 1948ರಲ್ಲಿ, ಚಹಾ ತೋಟದ ತಮಿಳರಿಗೆ ಪೌರತ್ವ ತಪ್ಪಿಸುವ ಕಾನೂನು ಲಂಕೆಯಲ್ಲಿ ಬಂದಾಗ ಅದನ್ನು ವಿರೋಧಿಸಿ ತಮ್ಮ ಪಕ್ಷದಿಂದ ಹೊರಬಂದ ತಮಿಳು ಮುಖಂಡ ಚೆಲ್ವನಾಯಗಂ 1949ರಲ್ಲಿ ಹೊಸ ಪಕ್ಷ ಕಟ್ಟಿದರು. ಅಮೃತಲಿಂಗಂ ಯೌವನದಲ್ಲೇ ಸೇರಿದ್ದು ಆ ಪಕ್ಷಕ್ಕೆ. ತಮ್ಮ ಅಪ್ಪ ಅಮ್ಮಂದಿರ ಪರ ನಿಂತ ಪಕ್ಷದ ಮುಂದಾಳಿನ ಬಗ್ಗೆ ಒಂದು ಗಂಟೆ ಕೇಳಬೇಕೆಂದು ಬಂದವರನ್ನು ಮಳೆಗೆ ದೂಡಿದರು.

ಅಮೃತಲಿಂಗಂ ಲಂಕೆಯ ಉತ್ತರದ ತಮಿಳು ಪ್ರದೇಶವಾದ ಜಾಫ್ನಾದ ವಟ್ಟುಕೋಟ್ಟೈಯಿಂದ 1956ರಲ್ಲಿ ಸಂಸತ್ತಿಗೆ ಹೋದರು. ಸಿಂಹಳವೊಂದನ್ನೇ ಆಡಳಿತ ಭಾಷೆ ಮಾಡುವುದನ್ನು ವಿರೋಧಿಸಿ ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ಸತ್ಯಾಗ್ರಹಕ್ಕೆ ಕೂತಾಗ ಪೆಟ್ಟು ತಿಂದು, ತಲೆಗೆ ಬ್ಯಾಂಡೇಜು ಕಟ್ಟಿಕೊಂಡೇ ಸದನಕ್ಕೆ ಬಂದರು. 1977ರ ಚುನಾವಣೆಯಲ್ಲಿ ಅವರ ತಮಿಳು ಪಕ್ಷ ಟಿಯುಎಲ್‌ಎಫ್‌ಗೆ ಬಂದದ್ದು 18 ಸ್ಥಾನ. ಅಷ್ಟು ದಿನ ಆಳಿದ್ದ ಸಿರಿಮಾವೊ ಪಕ್ಷ 8ಕ್ಕೆ ಇಳಿದಿದ್ದರಿಂದ ಇವರೇ ವಿರೋಧ ಪಕ್ಷದ ನಾಯಕರಾದರು. ಆ ಕುರ್ಚಿಯಲ್ಲಿ ಅವರಿಗೆ ಸಿಕ್ಕಿದ್ದೇನು? 1981ರಲ್ಲಿ ಜಾಫ್ನಾ ಗ್ರಂಥಾಲಯ ಸುಟ್ಟುಹೋಯಿತು, ಸುಮಾರು 97,000 ಪುಸ್ತಕಗಳು ಬೂದಿಯಾದವು. ಬೆಂಕಿ ಹಚ್ಚಿದವರನ್ನು ಹಿಡಿಯಬೇಕಾದ ಸರ್ಕಾರದ ಪಕ್ಷದವರು ಅದರ ಬೆನ್ನಿಗೇ ವಿರೋಧ ಪಕ್ಷದ ನಾಯಕನ ಮೇಲೆ ಅವಿಶ್ವಾಸ ನಿರ್ಣಯ ಪಾಸು ಮಾಡಿದರು! ಯಾವ ದೇಶದಲ್ಲಿ ಕೇಳಿದ್ದೀರಿ ಇಂಥದ್ದನ್ನು? ಅದೇ ಕಾಲದಲ್ಲಿ, ಪ್ರತ್ಯೇಕ ದೇಶದ ಬದಲು ಸರ್ಕಾರದ ಜಿಲ್ಲಾ ಮಂಡಳಿಗೆ ಒಪ್ಪಿಕೊಂಡರು ಎಂದು ಜಾಫ್ನಾದ ಹುಡುಗರು ಅವರನ್ನು ದ್ರೋಹಿ ಎಂದರು. 1976ರಲ್ಲಿ ಈಳಂ ಎಂಬ ಪ್ರತ್ಯೇಕ ತಮಿಳು ದೇಶ ಬೇಕೆಂದು ನಿರ್ಣಯ ಮಾಡಿದ್ದು ಅವರ ಪಕ್ಷವೇ, ವೇದಿಕೆಗಳಲ್ಲಿ ಹುಡುಗರ ರಕ್ತ ಬಿಸಿ ಮಾಡಿದ್ದೂ ನಿಜ. ಅದನ್ನು ನಾನು ಮುಚ್ಚಿಡುವುದಿಲ್ಲ, ಭಾಷಣಕಾರರೂ ಮುಚ್ಚಿಡುತ್ತಿರಲಿಲ್ಲ. ಆದರೆ ಬಂದೂಕು ಅವರ ದಾರಿಯಾಗಿರಲಿಲ್ಲ. 1983ರ ಜುಲೈನ ತಮಿಳರ ಹತ್ಯಾಕಾಂಡದ ನಂತರ ಪ್ರತ್ಯೇಕತೆ ಕೇಳುವುದಿಲ್ಲ ಎಂದು ಸಂಸದರು ಪ್ರಮಾಣ ಮಾಡಬೇಕೆಂಬ ಸಂವಿಧಾನದ ಆರನೇ ತಿದ್ದುಪಡಿ ಬಂತು. ಅವರ ಪಕ್ಷದವರು ಮಾಡಲಿಲ್ಲ, ಸದಸ್ಯತ್ವ ಹೋಯಿತು. ಮದ್ರಾಸಿಗೆ ಬಂದು ನೆಲೆಸಿದರು. ಲಂಕಾ ಸರ್ಕಾರದ ಜೊತೆ ಭೂತಾನದ ಥಿಂಪುವಿನಲ್ಲಿ ನಡೆದ ಮಾತುಕತೆಗೂ ಹೋದರು. ಕೊನೆಯವರೆಗೂ ಮಾತಾಡಿಯೇ ಬಗೆಹರಿಸಬೇಕೆಂದವರು. ಅಂಥವರ ಹೆಸರು ಹೇಳಿದರೆ ನಮ್ಮ ಕಚೇರಿಯಲ್ಲಿ ನಡುಕ.

ಇದೇ ಕಚೇರಿಯವರು ಕಾಲೊನಿಯ ಮಕ್ಕಳನ್ನು ಜಾತಿ ಪ್ರಮಾಣಪತ್ರಕ್ಕಾಗಿ ವರ್ಷಗಟ್ಟಲೆ ಅಲೆಸಿದವರು. ಅಜ್ಜನ ದಾಖಲೆ ತನ್ನಿ, ಲಂಕೆಯದ್ದು ನಡೆಯುವುದಿಲ್ಲ, ತಮಿಳುನಾಡಿನದ್ದು ತನ್ನಿ ಎನ್ನುತ್ತಾರೆ. ನನ್ನ ಹತ್ತಿರ ಕಲಿತ ಹುಡುಗಿಯೊಬ್ಬಳು ಅದೇ ಕಾರಣಕ್ಕೆ ವಿದ್ಯಾರ್ಥಿವೇತನ ಸಿಗದೆ ಪಿಯುಸಿ ಬಿಟ್ಟು ರಬ್ಬರ್ ಹಾಲು ತೆಗೆಯಲು ತೋಟಕ್ಕೆ ಹೋದಳು. ಕಾಲೊನಿ ರಸ್ತೆಯ ಮೋರಿ ಕುಸಿದು ಬಿದ್ದಿದೆ, ಬೀದಿದೀಪ ಇಲ್ಲ, ಅದಕ್ಕೆ ಕೊಟ್ಟ ಮನವಿ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ರಾಜಕಾರಣಿಗಳ ಹುಟ್ಟುಹಬ್ಬಕ್ಕೆ ಮಾತ್ರ ಇದೇ ಭವನ ನಡುರಾತ್ರಿಯವರೆಗೆ ತೆರೆದಿರುತ್ತದೆ, ಡಿಜೆ ಹಾಕಿದರೂ ಯಾರೂ ಕೇಳುವುದಿಲ್ಲ. ಆಗ ಮೇಲಿನವರಿಗೆ ಕಿವಿ ಕೇಳಿಸುವುದಿಲ್ಲವೇ?

ನೀವು ತಿದ್ದುಪಡಿ ಹಾಕಬೇಕು, ಮೂಲೆಯಲ್ಲಲ್ಲ, ಸುದ್ದಿ ಬಂದ ಪುಟದಲ್ಲೇ. ಕಚೇರಿಯವರು ಬೀಗ ಹಾಕಿಸಿದವರು ಯಾರೆಂದು ಹೇಳಬೇಕು, ಆ ಮುದುಕರ ಕ್ಷಮೆ ಕೇಳಬೇಕು. ಬಾಡಿಗೆ ಹಿಂದಿರುಗಿಸಬೇಕು, ಅಥವಾ ಇನ್ನೊಂದು ದಿನ ಭವನವನ್ನಾದರೂ ಕೊಡಬೇಕು. ಆ ಮೋರಿಯನ್ನೂ ಈ ಮಳೆಗಾಲದಲ್ಲೇ ಸರಿಮಾಡಬೇಕು. ಜನರ ದುಡ್ಡಿನಲ್ಲಿ ಸಂಬಳ ತೆಗೆದುಕೊಳ್ಳುವವರು ಜನರನ್ನು ಮಳೆಯಲ್ಲಿ ನಿಲ್ಲಿಸಿ ಬಾಗಿಲು ಹಾಕಿಕೊಳ್ಳುತ್ತಾರೆಂದರೆ ಅವರಿಗೆ ನಾಚಿಕೆಯಾಗಬೇಕು.

— ನಿವೃತ್ತ ಶಿಕ್ಷಕ