ಕಾರಂತರನ್ನು ಕಂಡವರ ಮಾತು ದಾಖಲಾಗಲಿ

ಮಾನ್ಯ ಸಂಪಾದಕರೇ,

ಶಿವರಾಮ ಕಾರಂತರು ತಮ್ಮ ಕಥೆಯನ್ನು ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಪುಸ್ತಕದಲ್ಲಿ ತಾವೇ ಬರೆದಿದ್ದಾರೆ. ಆದರೆ ಅವರನ್ನು ಹತ್ತಿರದಿಂದ ಕಂಡವರ ಬಾಯಿಂದಲೇ ಅವರ ಬದುಕನ್ನು ಹೇಳಿಸುವ ದೊಡ್ಡ ಪುಸ್ತಕವೊಂದು ಬರಬೇಕು. ಅವರು ತೀರಿಕೊಂಡಿದ್ದು 1997ರಲ್ಲಿ. ಜೊತೆಗೆ ಕುಣಿದವರು, ದುಡಿದವರು ಈಗ ಮುಪ್ಪಿನಲ್ಲಿದ್ದಾರೆ. ಇನ್ನೂ ತಡವಾದರೆ ಕೇಳೋಣ ಅಂದರೂ ಯಾರೂ ಸಿಗುವುದಿಲ್ಲ.

ಯಕ್ಷಗಾನದಲ್ಲಿ ಅವರು ಮಾತಿಗೆ ಕತ್ತರಿ ಹಾಕಿದರು, ಪಿಟೀಲು, ಸ್ಯಾಕ್ಸೋಫೋನ್ ತಂದರು. ಮಾತೇ ಇಲ್ಲದೆ ಬರೀ ಹೆಜ್ಜೆ, ಕಣ್ಣಿನಲ್ಲೇ ಪಾತ್ರ ಕಟ್ಟುವಾಗ ವೇಷಧಾರಿಗಳಿಗೆ ಏನನ್ನಿಸಿತು? ಅಭ್ಯಾಸದಲ್ಲಿ ಹೆಜ್ಜೆ ತಪ್ಪಿದರೆ ಕಾರಂತರು ಏನನ್ನುತ್ತಿದ್ದರು? ಅದನ್ನು ಕುಣಿದವರೇ ಹೇಳಬೇಕು. ಕೈಗಾ ಅಣುಸ್ಥಾವರ ವಿರೋಧಿಸಿ 1989ರಲ್ಲಿ ಲೋಕಸಭೆಗೆ ನಿಂತಾಗ ಅವರಿಗೆ 87 ವರ್ಷ. ಆಗ ಜೊತೆಗಿದ್ದವರನ್ನೂ ಮಾತಾಡಿಸಬೇಕು, ಅಲ್ವಾ?

ಸುಮ್ನೆ ಹೊಗಳಿಕೆ ಬೇಡ. ಸಿಟ್ಟು, ಹಟ, ಜಗಳ ಎಲ್ಲವೂ ಬರಲಿ. ಒಂದೇ ಘಟನೆಯನ್ನು ಇಬ್ಬರು ಬೇರೆ ಬೇರೆ ಥರ ಹೇಳಿದರೆ ಎರಡನ್ನೂ ಅಚ್ಚು ಹಾಕಲಿ. ಕುಂದಾಪುರದವರ ಮಾತನ್ನು ಪುಸ್ತಕದ ಭಾಷೆಗೆ ತಿದ್ದುವುದಂತೂ ಬೇಡವೇ ಬೇಡ. ಕರಾವಳಿಯ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳ ಕೈಗೆ ರೆಕಾರ್ಡರ್ ಕೊಟ್ಟು ಈ ವರ್ಷವೇ ಕಳಿಸಲಿ.

– ಓದುಗರೊಬ್ಬರು, ಪುತ್ತೂರು