ನರ್ಸರಿಯ ಆ ಅಣ್ಣನಿಗೆ ಥ್ಯಾಂಕ್ಸ್

ಅಮ್ಮ ಕೊಟ್ಟಿದ್ದ ಅಮರಿಲ್ಲಿಸ್ ಗೆಡ್ಡೆ ಅದು. ಈ ಮಳೆಗೆ ಎಲೆ, ಹೂದಂಟಿನ ಮೇಲೆಲ್ಲ ಕೆಂಪು ಗೆರೆ ಬಿದ್ದು ಡೊಂಕಾಗಿತ್ತು. ಕಿತ್ತು ಚೀಲಕ್ಕೆ ಹಾಕಿಕೊಂಡು ಲಾಲ್‌ಬಾಗ್ ಹತ್ತಿರದ ನರ್ಸರಿಗೆ ಓಡಿದೆ. ಬಾಗಿಲು ಹಾಕುವ ಹೊತ್ತು. ಕೆಲಸದ ಅಣ್ಣ ಬೀಗ ಪಕ್ಕಕ್ಕಿಟ್ಟು, ಗೆಡ್ಡೆಯನ್ನು ಹೆಬ್ಬೆರಳಿಂದ ಮೆಲ್ಲಗೆ ಒತ್ತಿ ನೋಡಿದರು.

"ಗಟ್ಟಿ ಇದೆ ಮೇಡಂ, ಉಳಿಯುತ್ತೆ. ಇದು ಶಿಲೀಂಧ್ರ."

ಎದೆ ಹಗುರಾಯಿತು. ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಕೊಳೆತ ಪದರಗಳನ್ನು ಈರುಳ್ಳಿ ಸಿಪ್ಪೆಯ ಹಾಗೆ ಒಂದೊಂದೇ ಬಿಡಿಸಿದರು, ಒಳಗಿನ ಬಿಳಿ ಕಾಣುವವರೆಗೂ. ತಾಮ್ರದ ಶಿಲೀಂಧ್ರನಾಶಕ ಸವರಿ ಪೇಪರ್‌ನಲ್ಲಿ ಸುತ್ತಿಕೊಟ್ಟರು. ನೆರಳಲ್ಲಿ ಒಣಗಿಸಿ, ಕತ್ತು ಮಣ್ಣಿನ ಮೇಲಿರುವ ಹಾಗೆ ನೆಡಿ, ನೀರು ಜಾಸ್ತಿ ಬೇಡ, ಎಲೆ ಮೇಲಂತೂ ಬೇಡವೇ ಬೇಡ ಅಂದರು. ದುಡ್ಡು ಮುಟ್ಟಲಿಲ್ಲ.

ಇವತ್ತು ಬೆಳಿಗ್ಗೆ ಹಸಿರು ತುದಿ ಕಾಣಿಸಿದೆ. ಅವಸರದಲ್ಲಿ ನಿಮ್ಮ ಹೆಸರೂ ಕೇಳಲಿಲ್ಲ ಅಣ್ಣ. ಹೂ ಬಿಟ್ಟಾಗ ತೋರಿಸಲು ಬರುತ್ತೇನೆ.